ಪೈ ಟೌನ್‌ನಲ್ಲಿ ಬಾಗಿಲು ಮುಚ್ಚಿದ್ದರೆ? 410 ಕಿಲೋಮೀಟರಿನ ಊಟದ ಲೆಕ್ಕ

ನನ್ನ ಭಾವಮೈದ ಟೂರ್ ಡಿವೈಡ್ ಮುಗಿಸಿ ಬಂದ ಮೇಲೆ ಉಡುಪಿ, ಮಂಗಳೂರಿನ ಸೈಕಲ್ ಗೆಳೆಯರು ಜಾಸ್ತಿ ಕೇಳಿದ್ದು ಒಂದೇ ಪ್ರಶ್ನೆ. ಸೈಕಲ್ ಯಾವುದು, ಟಯರ್ ಎಷ್ಟು ಅಗಲ ಅಂತಲ್ಲ. "ಅಲ್ಲಿ ಊಟಕ್ಕೆ ಎಂತ ಮಾಡಿದ?" ಅಂತ. ಊಟದ ಲೆಕ್ಕ ಹಾಕಿದ್ದು ನಾನು, ಕುಂಜಿಬೆಟ್ಟಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ತಕ್ಕಡಿ ಇಟ್ಟುಕೊಂಡು. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಇಡೀ ರೇಸ್ ಬಗ್ಗೆ ಅಲ್ಲ, ನಮ್ಮನ್ನು ಅತಿ ಹೆಚ್ಚು ಕಾಡಿದ ಒಂದೇ ಒಂದು ತುಂಡಿನ ಬಗ್ಗೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಗ್ರಾಂಟ್ಸ್‌ನಿಂದ ಸಿಲ್ವರ್ ಸಿಟಿವರೆಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟೂರ್ ಡಿವೈಡ್ ಅಂದರೆ ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯ ಆಂಟಿಲೋಪ್ ವೆಲ್ಸ್‌ವರೆಗೆ, ರಾಕಿ ಪರ್ವತಗಳ ಬೆನ್ನು ಹಿಡಿದು ಸುಮಾರು 4,300 ಕಿ.ಮೀ. ಸೈಕಲ್ ಓಟ. ಬಹುಪಾಲು ಮಣ್ಣು, ಜಲ್ಲಿ ದಾರಿ. 2008ರಿಂದ ನಡೆಯುತ್ತಿದೆ, ಜೂನ್‌ನ ಎರಡನೇ ಶುಕ್ರವಾರ ಹೊರಡುತ್ತಾರೆ. 2016ರಲ್ಲಿ ಮೈಕ್ ಹಾಲ್ 14 ದಿನಕ್ಕೂ ಕಮ್ಮಿಯಲ್ಲಿ ಮುಗಿಸಿದ್ದರು. ನಮ್ಮವನ ಗುರಿ 26 ದಿನ. ಹಿಂದೆ ಗಾಡಿ ಇಲ್ಲ, ಊಟ ತಂದುಕೊಡುವವರು ಇಲ್ಲ. ದಾರಿಯಲ್ಲಿ ಎಲ್ಲರಿಗೂ ಸಿಗುವ ಅಂಗಡಿ, ಹೋಟೆಲ್, ಪೆಟ್ರೋಲ್ ಬಂಕ್ ಮಾತ್ರ ಬಳಸಬಹುದು. ಅಂಚೆ ಕಚೇರಿಗೆ ಮೊದಲೇ ಪೊಟ್ಟಣ ಕಳುಹಿಸಬಹುದು. ಗುರುತಿನವರು ಅನ್ನ ತಂದು ದಾರಿಯಲ್ಲಿ ನಿಲ್ಲುವ ಹಾಗಿಲ್ಲ.

ನಮ್ಮ ಕರಾವಳಿಯವರಿಗೆ ಇದು ಅಂದಾಜಿಗೆ ಸಿಗುವುದು ಕಷ್ಟ. ಮಂಗಳೂರಿನಿಂದ ಉಡುಪಿಗೆ ಬರುವ 60 ಕಿಲೋಮೀಟರಿನಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಎಲ್ಲಿ ಕಾಲು ಊರಿದರೂ ಚಾ ಸಿಗುತ್ತದೆ, ಬನ್ಸ್ ಸಿಗುತ್ತದೆ. ಹಸಿವು ಅಂದರೆ ಹತ್ತು ನಿಮಿಷದ ಸಮಸ್ಯೆ. ಅಲ್ಲಿ ಹಾಗಲ್ಲ.

ಆ ತುಂಡು ಹೀಗಿದೆ. ಗ್ರಾಂಟ್ಸ್ ಸ್ವಲ್ಪ ದೊಡ್ಡ ಊರು, ಹೆದ್ದಾರಿ ಪಕ್ಕ, ಸೂಪರ್ ಮಾರ್ಕೆಟ್ ಇದೆ. ಅಲ್ಲಿಂದ ಎಲ್ ಮಾಲ್‌ಪೈಸ್ ಎಂಬ ಕಪ್ಪು ಲಾವಾ ಬಯಲಿನ ಅಂಚಿನಲ್ಲಿ ನೂರು ಕಿಲೋಮೀಟರಿಗಿಂತ ಜಾಸ್ತಿ ತುಳಿದರೆ ಪೈ ಟೌನ್. ಹೆಸರೇ ತಿಂಡಿಯದ್ದು, ಪೈ ಮಾರುವ ಪುಟ್ಟ ಕೆಫೆಗಳಿಗೆ ಪ್ರಸಿದ್ಧ. ಆದರೆ ಬೆರಳೆಣಿಕೆ ಮನೆಗಳ ಊರು, ಕೆಫೆಗಳು ವಾರದ ಎಲ್ಲ ದಿನ ತೆರೆದಿರುವುದಿಲ್ಲ, ತೆರೆದ ದಿನವೂ ಬೇಗ ಮುಚ್ಚುತ್ತವೆ. ಅದಾದ ಮೇಲೆ ಹೀಲಾ ಕಾಡು. ಸಿಲ್ವರ್ ಸಿಟಿಗೆ ಇನ್ನೂ 300 ಕಿ.ಮೀ. ಹತ್ತಿರ ಹತ್ತಿರ, ನಡುವೆ ಅಂಗಡಿ ಅಂತ ನಂಬಬಹುದಾದದ್ದು ಇಲ್ಲ. ಬೀವರ್‌ಹೆಡ್ ಎಂಬಲ್ಲಿ ಅರಣ್ಯ ಇಲಾಖೆಯ ಬೆಂಕಿ ನಂದಿಸುವವರ ಠಾಣೆ ಇದೆ. ಅಲ್ಲಿ ನೀರಿನ ನಲ್ಲಿ, ಒಂದು ಸೋಡಾ ಯಂತ್ರ (ಅಲ್ಲಿ ಸೋಡಾ ಅಂದರೆ ಸಿಹಿ ತಂಪು ಪಾನೀಯ). ಅಷ್ಟೇ.

ಅಂದರೆ ಇಡೀ ಯೋಜನೆ ಪೈ ಟೌನ್‌ನ ಒಂದು ಬಾಗಿಲಿನ ಮೇಲೆ ನಿಂತಿತ್ತು.

ಮೊದಲ ಪ್ರಯೋಗ, ಮೊದಲ ಸೋಲು

ಫೆಬ್ರವರಿಯಲ್ಲಿ ಒಂದು ಪರೀಕ್ಷೆ ಇಟ್ಟೆವು. ಬೆಳಗ್ಗೆ 4ಕ್ಕೆ ಉಡುಪಿಯಿಂದ ಹೊರಟು ಕಾರ್ಕಳ, ಬಜಗೋಳಿ, ಕುದುರೆಮುಖ, ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಬೆಳ್ತಂಗಡಿ, ಮತ್ತೆ ಕಾರ್ಕಳ, ಮತ್ತೆ ಉಡುಪಿ. ನಿಯಮ ಒಂದೇ. ಒಮ್ಮೆ ಕಾರ್ಕಳ ದಾಟಿದರೆ ಮತ್ತೆ ಕಾರ್ಕಳ ಮುಟ್ಟುವವರೆಗೆ ಏನೂ ಕೊಳ್ಳುವಂತಿಲ್ಲ, ಯಾರಿಂದಲೂ ತೆಗೆದುಕೊಳ್ಳುವಂತಿಲ್ಲ. ನೀರು ಮಾತ್ರ ಸಾರ್ವಜನಿಕ ನಲ್ಲಿಯಿಂದ.

ಕಷ್ಟದ ನಿಯಮ ಅದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ಹೋಟೆಲ್‌ಗಳ ಮುಂದೆಯೇ ಹೋಗಬೇಕು. ಬೆಳ್ತಂಗಡಿಯಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮನ ಮನೆ ರಸ್ತೆ ಬದಿಯಲ್ಲೇ ಇದೆ. ಅವರಿಗೆ ಯಾರೋ ಹೇಳಿದ್ದರು, ಮಜ್ಜಿಗೆ ಚೊಂಬು ಹಿಡಿದು ಗೇಟಿನ ಹತ್ತಿರ ನಿಂತಿದ್ದರಂತೆ. "ಚಿಕ್ಕಮ್ಮ, ಇವತ್ತು ಕುಡಿಯುವ ಹಾಗಿಲ್ಲ" ಅಂತ ಅವನು ಹೇಳಿ ಮುಂದೆ ಹೋದ. ಅವರಿಗೆ ಬೇಸರವಾಯಿತು, ಅವನಿಗೆ ಇನ್ನೂ ಜಾಸ್ತಿ ಆಯಿತು. ಆದರೆ ಅದೊಂದು ಕ್ಷಣ ಅವನಿಗೆ ರೇಸ್‌ನ ನಿಯಮವನ್ನು ಓದಿದ್ದಕ್ಕಿಂತ ಚೆನ್ನಾಗಿ ತಿಳಿಸಿತು ಅಂತ ನನಗೆ ಅನಿಸುತ್ತದೆ.

ಹೊರಡುವಾಗ ಚೀಲದಲ್ಲಿ 2 ಕೆಜಿ 100 ಗ್ರಾಂ ತಿನ್ನುವ ವಸ್ತು ಇತ್ತು. ಚಿಕ್ಕಿ, ಖರ್ಜೂರ, ಚಾಕೊಲೇಟ್, ಹುರಿದ ಗೇರುಬೀಜ, ಹಿಂದಿನ ರಾತ್ರಿ ಮಾಡಿದ ಎಂಟು ಬನ್ಸ್. ರಾತ್ರಿ ಬಂದ ಕೂಡಲೇ, ಸ್ನಾನಕ್ಕೂ ಬಿಡದೆ, ಉಳಿದದ್ದನ್ನು ತೂಗಿದೆ. 870 ಗ್ರಾಂ ವಾಪಸ್ ಬಂದಿತ್ತು. ಅದರಲ್ಲಿ ಹೆಚ್ಚಿನದು ಖರ್ಜೂರ ಮತ್ತು ಚಿಕ್ಕಿ. ಬನ್ಸ್ ಒಂದೂ ಉಳಿದಿರಲಿಲ್ಲ.

ಈ ತೂಗುವ ಕೆಲಸ ತುಂಬಾ ಮುಖ್ಯ, ದಯವಿಟ್ಟು ಬಿಡಬೇಡಿ. ಏನು ಹೊತ್ತುಕೊಂಡು ಹೋದ ಅಂತ ಎಲ್ಲರೂ ಬರೆದಿಡುತ್ತಾರೆ, ಏನು ಹೊಟ್ಟೆಗೆ ಹೋಯಿತು ಅಂತ ಯಾರೂ ಬರೆಯುವುದಿಲ್ಲ. ಕಾಗದದ ಮೇಲೆ ಅವನ ಬಳಿ 9,000 ಕ್ಯಾಲೊರಿ ಇತ್ತು. ನಿಜವಾಗಿ ತಿಂದದ್ದು ಸುಮಾರು 5,500. ಚಾರ್ಮಾಡಿ ಇಳಿದ ಮೇಲೆ ಕಾಲು ಬತ್ತಿಹೋಯಿತು ಅಂದ. ಆಗ ಚೀಲದಲ್ಲಿ ಒಂದು ಕೆಜಿಯಷ್ಟು ಆಹಾರ ಇತ್ತು!

"ಒಂಬತ್ತು ಗಂಟೆ ಆದ ಮೇಲೆ ಸಿಹಿ ಬಾಯಿಗೆ ಇಟ್ಟರೆ ಉಗಿಯುವ ಅನಿಸ್ತದೆ ಭಾವ. ಚಿಕ್ಕಿ ಜಗಿಯಲಿಕ್ಕೆ ಬಾಯಲ್ಲಿ ನೀರೇ ಇಲ್ಲ. ನೀವು ಉಪ್ಪಿನಕಾಯಿ ಇಟ್ಟದ್ದು ಒಳ್ಳೆಯದಾಯ್ತು, ಅದನ್ನು ಬನ್ಸ್‌ಗೆ ಹಚ್ಚಿ ತಿಂದೆ."

ಇದಕ್ಕೆ ಕಾರಣ ಇದೆ. ಬಿಸಿಲಲ್ಲಿ ತುಂಬಾ ಹೊತ್ತು ತುಳಿದಾಗ ರಕ್ತ ಕಾಲಿಗೆ, ಚರ್ಮಕ್ಕೆ ಹೋಗುತ್ತದೆ, ಹೊಟ್ಟೆಗೆ ಕಮ್ಮಿ ಸಿಗುತ್ತದೆ. ಅಭ್ಯಾಸ ಇರುವ ಹೊಟ್ಟೆಯೂ ಗಂಟೆಗೆ 60ರಿಂದ 90 ಗ್ರಾಂ ಸಕ್ಕರೆ, ಪಿಷ್ಟದ ಅಂಶವನ್ನಷ್ಟೇ ಎಳೆದುಕೊಳ್ಳಬಲ್ಲದು. ಇನ್ನೊಂದು ಕಡೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಗ್ಲೈಕೋಜನ್, ಹೆಚ್ಚು ಅಂದರೆ 2,000 ಕ್ಯಾಲೊರಿಯಷ್ಟು. ಅದು ಖಾಲಿಯಾದರೆ ಕಾಲು ನಿಲ್ಲುತ್ತದೆ, ಕೊಬ್ಬು ಎಷ್ಟಿದ್ದರೂ ಆ ವೇಗ ಬರುವುದಿಲ್ಲ. ಆದ್ದರಿಂದ ತಿನ್ನುವುದನ್ನು ತಪ್ಪಿಸುವ ಹಾಗೇ ಇಲ್ಲ, ಮತ್ತು ಸಿಹಿ ಒಂದನ್ನೇ ನಂಬುವ ಹಾಗೂ ಇಲ್ಲ.

ಅಲ್ಲಿಂದ ನಮ್ಮ ಪಟ್ಟಿ ಬದಲಾಯಿತು. ಹುಳಿ, ಉಪ್ಪು, ಖಾರ ಒಳಗೆ ಬಂದವು. ಅತ್ತೆ ಪ್ರತಿ ಬೇಸಿಗೆ ಚಾಪೆ ಮೇಲೆ ಒಣಗಿಸುವ ಮಾಂಬಳ (ಮಾವಿನ ರಸದ ಹಾಳೆ), ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ, ಚಟ್ನಿಪುಡಿ. ಮಾರ್ಚ್‌ನಲ್ಲಿ ಅದೇ ದಾರಿ ಎರಡನೇ ಸಲ ಹೋದಾಗ ವಾಪಸ್ ಬಂದದ್ದು 240 ಗ್ರಾಂ. ಪುನರ್ಪುಳಿ ಸಿಪ್ಪೆ ಒಂದನ್ನು ಕೆನ್ನೆಯಲ್ಲಿ ಇಟ್ಟುಕೊಂಡರೆ ಬಾಯಲ್ಲಿ ನೀರು ಬರುತ್ತದೆ, ಆಮೇಲೆ ಒಣ ರೊಟ್ಟಿಯೂ ಒಳಗೆ ಹೋಗುತ್ತದೆ. ಕ್ಯಾಲೊರಿ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಆದರೂ ನಮ್ಮ ಪಟ್ಟಿಯಲ್ಲಿ ಅದಕ್ಕಿಂತ ಉಪಯೋಗದ 20 ಗ್ರಾಂ ಬೇರೆ ಇರಲಿಲ್ಲ.

ಅಂಚೆ ಪೊಟ್ಟಣ ಬೇಡ ಅಂತ ಯಾಕೆ ತೀರ್ಮಾನಿಸಿದೆವು

ಪೈ ಟೌನ್‌ನಲ್ಲಿ ಅಂಚೆ ಕಚೇರಿ ಇದೆ. ಅಲ್ಲಿಗೆ ಮೊದಲೇ ಒಂದು ಪೊಟ್ಟಣ ಕಳುಹಿಸಿದರೆ ಸಮಸ್ಯೆ ಮುಗಿಯಿತಲ್ಲ ಅಂತ ಎಲ್ಲರೂ ಹೇಳಿದರು. ನನಗೂ ಮೊದಲು ಹಾಗೇ ಅನಿಸಿತ್ತು. ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ಊರಿಗೆ ಎರಡು ಸಮಯ ಬರೆದೆ. ಎಲ್ಲ ಸರಿ ಹೋದರೆ ಯಾವಾಗ ತಲುಪುತ್ತಾನೆ, ಎಲ್ಲ ಕೆಟ್ಟರೆ ಯಾವಾಗ ತಲುಪುತ್ತಾನೆ.

ಎರಡನೇ ದಿನ ಈ ಎರಡು ಸಮಯದ ನಡುವೆ ನಾಲ್ಕೈದು ಗಂಟೆ ಅಂತರ. ಎರಡನೇ ವಾರದಲ್ಲಿ ಒಂದು ದಿನ. ಪೈ ಟೌನ್‌ಗೆ ಬರುವಷ್ಟರಲ್ಲಿ, ಅಂದರೆ 22, 23ನೇ ದಿನಕ್ಕೆ, ಎರಡು ದಿನಕ್ಕಿಂತ ಜಾಸ್ತಿ. ಎದುರು ಗಾಳಿ, ಮಂಡಿನೋವು, ಕಾಡ್ಗಿಚ್ಚಿನಿಂದ ದಾರಿ ಬದಲಾವಣೆ, ಒಂದು ಮುರಿದ ಡಿರೇಲರ್ (ಗೇರ್ ಬದಲಿಸುವ ಭಾಗ), ಎಲ್ಲ ಕೂಡುತ್ತಾ ಹೋಗುತ್ತವೆ. ಎರಡು ದಿನದ ಅಂತರದಲ್ಲಿ ಒಂದು ಭಾನುವಾರ ಬರಬಹುದು, ರಾತ್ರಿಗಳಂತೂ ಬಂದೇ ಬರುತ್ತವೆ. ಹಗಲು ಕೆಲವೇ ಗಂಟೆ ತೆರೆಯುವ ಕಿಟಕಿಯ ಹಿಂದೆ ಊಟ ಇಟ್ಟು ರಾತ್ರಿ 9ಕ್ಕೆ ತಲುಪಿದರೆ ಬೆಳಗ್ಗೆವರೆಗೆ ಕಾಯಬೇಕು. ಪೊಟ್ಟಣ ಅವನನ್ನು ಕಟ್ಟಿಹಾಕುತ್ತದೆ.

ಇದು ನಾನು ಈ ಇಡೀ ಕೆಲಸದಲ್ಲಿ ಕಲಿತ ದೊಡ್ಡ ಪಾಠ. ರೇಸ್‌ನ ಮೊದಲ ಮೂರು ದಿನ ಗಡಿಯಾರ ನೋಡಿ ಯೋಜನೆ ಮಾಡಬಹುದು, ಇಂಥ ಅಂಗಡಿ 8ಕ್ಕೆ ಮುಚ್ಚುತ್ತದೆ, 7ಕ್ಕೆ ಮುಟ್ಟು ಅಂತ. ಮೂರನೇ ವಾರದಲ್ಲಿ ಅದು ಸುಮ್ನೆ ಊಹೆ. ಅಲ್ಲಿ ಒಂದೇ ಪ್ರಶ್ನೆ ಕೇಳಬೇಕು: ಮುಂದಿನ ಬಾಗಿಲು ಮುಚ್ಚಿದ್ದರೆ ಅದರ ಮುಂದಿನ ಬಾಗಿಲಿನವರೆಗೆ ಹೋಗಲು ಚೀಲದಲ್ಲಿ ಇದೆಯಾ? ಎಲ್ಲ ಕಡೆ ಹೀಗೆ ಮಾಡಿದರೆ ತೂಕ ವಿಪರೀತ ಆಗುತ್ತದೆ, ಅದು ನಿಜ. ನಾವು ಇಡೀ ದಾರಿಯಲ್ಲಿ ನಾಲ್ಕೇ ಕಡೆ ಹಾಗೆ ಮಾಡಿದೆವು. ವಯೋಮಿಂಗ್‌ನ ಗ್ರೇಟ್ ಬೇಸಿನ್ ಒಂದು, ಅಟ್ಲಾಂಟಿಕ್ ಸಿಟಿಯಿಂದ ರಾಲಿನ್ಸ್‌ವರೆಗೆ ಸುಮಾರು 220 ಕಿ.ಮೀ. ನೆರಳೂ ಇಲ್ಲದ ಬಯಲು. ಈ ಗ್ರಾಂಟ್ಸ್ ತುಂಡು ಇನ್ನೊಂದು.

ತಕ್ಕಡಿಯ ಲೆಕ್ಕ

ಗ್ರಾಂಟ್ಸ್‌ನಿಂದ ಸಿಲ್ವರ್ ಸಿಟಿ ಹೆಚ್ಚುಕಮ್ಮಿ 410 ಕಿ.ಮೀ. ಅಂತ ಹಿಡಿದೆವು. ದೂರದ ಲೆಕ್ಕ ಹೊಟ್ಟೆಗೆ ಅರ್ಥ ಆಗುವುದಿಲ್ಲ, ಅದನ್ನು ಗಂಟೆಗೆ ತರಬೇಕು. ಮೂರು ವಾರ ದಣಿದ ದೇಹ, ತುಂಬಿದ ಚೀಲ, ಏರು, ಮಣ್ಣು. ಗಂಟೆಗೆ 12 ಕಿ.ಮೀ. ಇಟ್ಟೆವು. 34 ಗಂಟೆ ತುಳಿತ, ನಡುವೆ ಎರಡು ರಾತ್ರಿ ನಿದ್ದೆ.

ತುಳಿಯುವಾಗ ಗಂಟೆಗೆ 220 ಕ್ಯಾಲೊರಿ. ಇದು ಖರ್ಚಾಗುವ ಲೆಕ್ಕ ಅಲ್ಲ, ಎರಡನೇ ಪ್ರಯೋಗದಲ್ಲಿ ಅವನು ನಿಜವಾಗಿ ತಿಂದ ಲೆಕ್ಕ. ಖರ್ಚು ಇದಕ್ಕಿಂತ ಎಷ್ಟೋ ಜಾಸ್ತಿ, ಉಳಿದದ್ದನ್ನು ಮೈಯ ಕೊಬ್ಬು ಕೊಡುತ್ತದೆ. ಅಲ್ಲಿಗೆ 7,500. ಎರಡು ರಾತ್ರಿ ಮಲಗುವ ಮುಂಚೆ ಮತ್ತು ಎದ್ದ ಮೇಲೆ ಅಂತ 800ರಂತೆ 1,600. ಆರು ಗಂಟೆ ತಡವಾದರೆ ಅಂತ ಮೀಸಲು 1,300. ಒಟ್ಟು 10,400.

ಒಲೆ ಇಲ್ಲ, ಅವನು ಮೀನು, ಮಾಂಸ ತಿನ್ನುವುದಿಲ್ಲ. ಹಾಗಾಗಿ ಗ್ರಾಂಟ್ಸ್‌ನಲ್ಲಿ ಕೊಳ್ಳಬೇಕಾದದ್ದು ಹೀಗೆ ಬರೆದುಕೊಟ್ಟೆ. ಟಾರ್ಟಿಯಾ, ಅಂದರೆ ಮೆಕ್ಸಿಕೊದ ತೆಳು ರೊಟ್ಟಿ, ಹತ್ತು. ಅದು ಬ್ರೆಡ್‌ನಂತೆ ಪುಡಿಯಾಗುವುದಿಲ್ಲ, ಸುರುಳಿ ಸುತ್ತಿ ಹ್ಯಾಂಡಲ್ ಚೀಲಕ್ಕೆ ತುರುಕಬಹುದು. ಪೀನಟ್ ಬಟರ್ 450 ಗ್ರಾಂ, ಇದೊಂದೇ 2,600 ಕ್ಯಾಲೊರಿಗಿಂತ ಜಾಸ್ತಿ. ಉಪ್ಪಿನ ಗೇರುಬೀಜ 250 ಗ್ರಾಂ. ಆಲೂಗಡ್ಡೆ ಚಿಪ್ಸ್ 200 ಗ್ರಾಂ, ಪೊಟ್ಟಣಕ್ಕೆ ಪಿನ್ನಿನಿಂದ ತೂತು ಮಾಡಿ ಗಾಳಿ ಬಿಟ್ಟು ಪುಡಿ ಮಾಡಿದರೆ ಅಂಗೈಯಷ್ಟು ಜಾಗ ಸಾಕು. ಚೀಸ್ 200 ಗ್ರಾಂ. ನೆಲಕಡಲೆ ಇರುವ ಚಾಕೊಲೇಟ್ ಬಾರ್ ಆರು. ಅಂಜೂರದ ಬಿಸ್ಕೆಟ್ 200 ಗ್ರಾಂ. ಮನೆಯಿಂದ ಹೊತ್ತ ಮಾಂಬಳದಲ್ಲಿ 150 ಗ್ರಾಂ ಈ ತುಂಡಿಗೇ ಅಂತ ಬೇರೆ ಕಟ್ಟಿ ಇಟ್ಟಿದ್ದೆವು. ಒಟ್ಟು 2 ಕೆಜಿ 260 ಗ್ರಾಂ, ಹತ್ತು ಸಾವಿರ ಕ್ಯಾಲೊರಿ ಆಸುಪಾಸು. ಕಮ್ಮಿ ಬಿದ್ದ ಮುನ್ನೂರು ನಾನೂರನ್ನು ಗ್ರಾಂಟ್ಸ್ ಬಿಡುವ ಮುಂಚೆ ಒಂದು ದೊಡ್ಡ ಬುರಿಟೊ (ಬೀನ್ಸ್ ತುಂಬಿ ಸುತ್ತಿದ ಟಾರ್ಟಿಯಾ) ತಿಂದು ಹೊಟ್ಟೆಯಲ್ಲೇ ಹೊರಬೇಕು ಅಂತ ಮಾತಾಯಿತು.

ಸಸ್ಯಾಹಾರಿಗಳು ಗಮನಿಸಬೇಕಾದ್ದು ಎರಡು. ಬುರಿಟೊದ ಅರೆದ ಬೀನ್ಸ್‌ಗೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಬೇಕು. ಮಾರ್ಷ್‌ಮ್ಯಾಲೊ, ಜಗಿಯುವ ಮಿಠಾಯಿ, ಅಲ್ಲಿನ ಕೆಲವು ಸಿಹಿ ಪೇಸ್ಟ್ರಿ ಪೊಟ್ಟಣಗಳಲ್ಲಿ ಜೆಲಾಟಿನ್ ಇರುತ್ತದೆ, ಹಿಂದೆ ತಿರುಗಿಸಿ ಓದಬೇಕು. ಸುಸ್ತಾದಾಗ ಓದಲು ಮನಸ್ಸು ಬರುವುದಿಲ್ಲ. ಅದಕ್ಕೇ ತಿನ್ನಬಹುದಾದ ಹದಿನೈದು ವಸ್ತುಗಳ ಪಟ್ಟಿಯನ್ನು ಫೋನ್‌ನ ಮೊದಲ ಪರದೆಯಲ್ಲೇ ಹಾಕಿಟ್ಟೆವು. ಚಟ್ನಿಪುಡಿ, ಮಾಂಬಳ ಎಲ್ಲವನ್ನೂ ಕೆನಡಾದ ವಿಮಾನ ನಿಲ್ದಾಣದಲ್ಲಿ ಬರೆದು ತೋರಿಸಿದ, ಮುಂದೆ ರೂಸ್‌ವಿಲ್ ಗಡಿಯಲ್ಲಿ ಅಮೆರಿಕಕ್ಕೆ ದಾಟುವಾಗ ಮತ್ತೊಮ್ಮೆ. ಮುಚ್ಚಿಡಬಾರದು. ಉಪ್ಪಿನಕಾಯಿ ಮಾತ್ರ ಬೇಡ ಅಂದೆ, ಕರಡಿ ಇರುವ ಕಾಡು, ಅದರ ವಾಸನೆ ಎರಡು ಚೀಲ ದಾಟಿಯೂ ಬರುತ್ತದೆ. ಉಳಿದ ತಿಂಡಿಯನ್ನೂ ಮಲಗುವ ಜಾಗದಿಂದ ದೂರ ಮರಕ್ಕೆ ನೇತುಹಾಕುತ್ತಿದ್ದ.

ನಡೆದದ್ದು

ಅವನು ಗ್ರಾಂಟ್ಸ್ ತಲುಪಿದ್ದು 23ನೇ ದಿನ ಬೆಳಗ್ಗೆ. ಪಟ್ಟಿಯಂತೆ ಕೊಂಡ, ಬುರಿಟೊ ತಿಂದ, 11ಕ್ಕೆ ಹೊರಟ. ಫೋನ್‌ನಲ್ಲಿ ಹೇಳಿದ ಒಂದೇ ಮಾತು, "ಚೀಲ ಭಾರ ಉಂಟು ಭಾವ, ಪೈ ಟೌನ್ ತೆರೆದಿದ್ದರೆ ಇದನ್ನೆಲ್ಲ ಸುಮ್ನೆ ಹೊತ್ತ ಹಾಗೆ ಆಗ್ತದೆ." ಸುಮ್ನೆ ಹೊತ್ತ ಹಾಗೆ ಆಗಲಿ ಮಾರಾಯ, ತೊಂದರೆ ಇಲ್ಲ ಅಂದೆ.

ರಾತ್ರಿ 9.30ಕ್ಕೆ ಪೈ ಟೌನ್. ಎಲ್ಲ ಮುಚ್ಚಿತ್ತು. ಮರುದಿನವೂ ಕೆಫೆ ತೆರೆಯುವುದಿಲ್ಲ ಅಂತ ಬಾಗಿಲಿನಲ್ಲಿ ಬರೆದಿತ್ತು. ಮಲಗಿ ಬೆಳಗ್ಗೆ 4.30ಕ್ಕೆ ಹೊರಟ. ಅಲ್ಲಿ ಕಾಯುತ್ತಾ ಕೂತ ಇನ್ನೂ ಒಬ್ಬರೋ ಇಬ್ಬರೋ ಇದ್ದರಂತೆ.

ಆ ದಿನ ಲೆಕ್ಕದಂತೆ ಹೋಯಿತು. ಎರಡು ತಾಸಿಗೊಂದು ಟಾರ್ಟಿಯಾ, ಒಳಗೆ ಪೀನಟ್ ಬಟರ್, ಮೇಲೆ ಚಟ್ನಿಪುಡಿ. ಮಾಂಬಳ ಮಧ್ಯಾಹ್ನದ ಬಿಸಿಲಿಗೆ. ಬೀವರ್‌ಹೆಡ್‌ನಲ್ಲಿ ನೀರು ತುಂಬಿಸಿಕೊಂಡ, ಯಂತ್ರ ಕೆಲಸ ಮಾಡುತ್ತಿತ್ತು, ಎರಡು ಸೋಡಾ ಕುಡಿದ. ಅದನ್ನು ನಾವು ಲೆಕ್ಕಕ್ಕೆ ಸೇರಿಸಿರಲಿಲ್ಲ, ಸೇರಿಸಲೂ ಬಾರದು.

ಮೂರನೇ ದಿನ ಮಳೆ ಬಂತು. ಜುಲೈ ಮೊದಲ ವಾರ ಅಂದರೆ ನ್ಯೂ ಮೆಕ್ಸಿಕೊದಲ್ಲೂ ಮಳೆಗಾಲ ಶುರುವಾಗುವ ಹೊತ್ತು, ಮಧ್ಯಾಹ್ನದ ಮೇಲೆ ಗುಡುಗು ಸಮೇತ ಸುರಿಯುತ್ತದೆ. ಅಲ್ಲಿನ ಮಣ್ಣು ನೆನೆದರೆ ನಮ್ಮ ಕೆಂಪು ಮಣ್ಣಿನಂತೆ ಜಾರುವುದಿಲ್ಲ, ಅಂಟುತ್ತದೆ. ಚಕ್ರ ತಿರುಗುವುದಿಲ್ಲ, ತಳ್ಳಲೂ ಆಗುವುದಿಲ್ಲ, ಹೊರಬೇಕು. 11 ಕಿಲೋಮೀಟರಿಗೆ ಐದು ಗಂಟೆ ಹಿಡಿಯಿತು. ಅಲ್ಲಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ, ಹಾಗಾಗಿ ಇಲ್ಲಿ ನಮಗೆ ನಡುರಾತ್ರಿ. ನಾನು, ಹೆಂಡತಿ, ಅತ್ತೆ ಮೂವರೂ ಎದ್ದು ಕೂತು ಫೋನ್‌ನ ನಕ್ಷೆಯಲ್ಲಿ ಅವನಿರುವ ಜಾಗ ತೋರಿಸುವ ಚುಕ್ಕಿ ನೋಡುತ್ತಿದ್ದೆವು. ಚುಕ್ಕಿ ಜಾಗ ಬಿಟ್ಟು ಕದಲುತ್ತಿರಲಿಲ್ಲ. "ತಿನ್ನಲಿಕ್ಕೆ ಎಂತಾದರೂ ಉಳಿದಿದೆಯಾ ಅವನ ಹತ್ತಿರ?" ಅಂತ ಅತ್ತೆ ಮೂರು ಸಲ ಕೇಳಿದರು. ನನಗೆ ಗಂಟೆ ಗಂಟೆಗೆ ಎಷ್ಟು ಉಳಿದಿರಬೇಕು ಅಂತ ಗೊತ್ತಿತ್ತು. ಹೇಳಿದೆ. ಆದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಸಂಜೆ 7ಕ್ಕೆ ತಲುಪಬೇಕಾದವನು ಸಿಲ್ವರ್ ಸಿಟಿ ತಲುಪಿದ್ದು ಬೆಳಗಿನ ಜಾವ 3ಕ್ಕೆ. ಎಂಟು ಗಂಟೆ ತಡ. ತೆರೆದಿದ್ದದ್ದು ಒಂದು ಪೆಟ್ರೋಲ್ ಬಂಕ್ ಅಂಗಡಿ. ಅಲ್ಲಿ ಕೂತು ಚೀಲದಲ್ಲಿ ಉಳಿದದ್ದರ ಚಿತ್ರ ಕಳುಹಿಸಿದ, ಅಭ್ಯಾಸ ಬಲದಿಂದ. ಮಾಂಬಳದ ಎರಡು ಬೆರಳಗಲದ ತುಂಡು, ತಳದಲ್ಲಿ ಸ್ವಲ್ಪ ಚಟ್ನಿಪುಡಿ, ನಾಲ್ಕು ಪುನರ್ಪುಳಿ ಸಿಪ್ಪೆ. ಕೊನೆಯ ಎರಡು ಗಂಟೆ ಏನೂ ತಿಂದಿರಲಿಲ್ಲ, ಆ ಮಾಂಬಳವನ್ನು "ಇನ್ನೂ ಕೆಟ್ಟದ್ದು ಬಂದರೆ" ಅಂತ ಉಳಿಸಿಕೊಂಡಿದ್ದ.

ಇಲ್ಲಿ ನನ್ನ ತಪ್ಪು ಸ್ಪಷ್ಟ. ಆರು ಗಂಟೆ ಮೀಸಲು ಅಂತ ಎಲ್ಲ ತುಂಡುಗಳಿಗೂ ಒಂದೇ ಅಳತೆ ಹಾಕಿದ್ದೆ, 12 ಗಂಟೆಯ ದಾರಿಗೂ ಆರು, 34 ಗಂಟೆಯ ದಾರಿಗೂ ಆರು. ದಾರಿ ಉದ್ದವಾದಷ್ಟೂ ಕೆಡುವ ಅವಕಾಶ ಜಾಸ್ತಿ ಅಲ್ವಾ? ತುಳಿಯುವ ಹೊತ್ತಿನ ಕಾಲು ಭಾಗ ಮೀಸಲು ಇಟ್ಟಿದ್ದರೆ ಎಂಟೂವರೆ ಗಂಟೆ ಆಗುತ್ತಿತ್ತು, ಅಂದರೆ ಇನ್ನು 120 ಗ್ರಾಂ ಚೀಲದಲ್ಲಿ, ಮೂರ್ನಾಲ್ಕು ಮುಷ್ಟಿ ಗೇರುಬೀಜ. ಸೋಡಾ ಯಂತ್ರ ಕೆಟ್ಟಿದ್ದರೆ ಅವನು ಇನ್ನೂ ಬೇಗ ಖಾಲಿ ಆಗುತ್ತಿದ್ದ.

ಸಿಲ್ವರ್ ಸಿಟಿಯಲ್ಲಿ ನಾಲ್ಕು ತಾಸು ಮಲಗಿ, ಹೊಸ ಲೆಕ್ಕದಂತೆ ಕಾಲು ಭಾಗ ಮೀಸಲು ಸೇರಿಸಿ ಕೊಂಡು, ಆಂಟಿಲೋಪ್ ವೆಲ್ಸ್‌ನ ಕೊನೆಯ 200 ಕಿಲೋಮೀಟರಿಗೆ ಹೊರಟ. ನಡುವಿನ ಹಚೀಟಾದಲ್ಲಿ ಅಂಗಡಿ ಇದೆ, ಆದರೂ ಅದು ಮುಚ್ಚಿದೆ ಅಂತಲೇ ಹಿಡಿದು ಕೊಂಡ. ಹೋಗಿ ನೋಡಿದರೆ ತೆರೆದಿತ್ತು, ಒಂದು ಐಸ್‌ಕ್ರೀಮ್ ತಿಂದ. ಗಡಿಯಲ್ಲಿ ಊರು ಅಂತ ಏನೂ ಇಲ್ಲ, ತಪಾಸಣೆ ಠಾಣೆ, ಒಂದು ಗೇಟು ಮತ್ತು ಬಿಸಿಲು. ಅಲ್ಲಿ ನಿಂತು ಉಳಿದ ಟಾರ್ಟಿಯಾ ತಿನ್ನುತ್ತಾ ಫೋನ್ ಮಾಡಲು ನೋಡಿದನಂತೆ, ಸಿಗ್ನಲ್ ಸಿಗಲಿಲ್ಲ. ನಮಗೆ ಚುಕ್ಕಿ ನೋಡಿಯೇ ಗೊತ್ತಾಯಿತು.

ಹಾಳೆ ನನ್ನ ಹತ್ತಿರ ಇದೆ, ಮೀಸಲಿನ ಕಾಲಂ ತಿದ್ದಿದ್ದೇನೆ. ಮಣಿಪಾಲದ ಇನ್ನೊಬ್ಬ ಹುಡುಗ ಮುಂದಿನ ಸಲಕ್ಕೆ ತಯಾರಾಗುತ್ತಿದ್ದಾನೆ, ಅವನು ಮೊಟ್ಟೆ ತಿನ್ನುತ್ತಾನೆ, ನೆಲಕಡಲೆ ಅವನಿಗೆ ಅಲರ್ಜಿ. ಪೀನಟ್ ಬಟರ್‌ನ ಆ 2,600 ಕ್ಯಾಲೊರಿಯನ್ನು ಅವನಿಗೆ ಎಲ್ಲಿಂದ ತರುವುದು ಅಂತ ಈಗ ಕೊಬ್ಬರಿ, ಎಳ್ಳು, ಬಾದಾಮಿ ತೂಗುತ್ತಿದ್ದೇವೆ.